ಡೆಂಗಿ ಬಂದ ದೊಡ್ಡವರಲ್ಲಿ ಅಪಾಯ ಯಾರಿಗೆ ಹೆಚ್ಚು? ಮೊದಲ ದಿನವೇ ಗುರುತಿಸುವ ಕ್ರಮ

ಡೆಂಗಿ ಅಂತ ವರದಿ ಬಂದ ಕೂಡಲೇ ಮನೆಮಂದಿ ಕೇಳುವ ಮೊದಲ ಪ್ರಶ್ನೆ, ‘ಪ್ಲೇಟ್‌ಲೆಟ್ ಎಷ್ಟ ಅದಾವ್ರೀ?’ ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಜ್ವರ ಶುರುವಾಗಿ ಇಂದಿಗೆ ಎಷ್ಟನೇ ದಿನ? ಈ ಮನುಷ್ಯನಿಗೆ ಮೊದಲಿಂದ ಏನೇನು ತೊಂದರೆ ಇದೆ? ದಿನಾ ಯಾವ ಗುಳಿಗೆ ನುಂಗುತ್ತಾರೆ? ಆರೋಗ್ಯವಾಗಿದ್ದಾಗ ಇವರ ಬಿಪಿ, ಹಿಮೋಗ್ಲೋಬಿನ್ ಎಷ್ಟಿರುತ್ತಿತ್ತು? ಡೆಂಗಿ ಬಂದ ಬಹುತೇಕರು ಮನೆಯಲ್ಲೇ ಆರಾಮಾಗುತ್ತಾರೆ. ಕೆಲವರಿಗೆ ಮಾತ್ರ ಅದು ಉಲ್ಬಣಿಸುತ್ತದೆ. ಆ ಕೆಲವರು ಯಾರಾಗಬಹುದು ಎಂಬುದರ ಸುಳಿವು ಪ್ಲೇಟ್‌ಲೆಟ್ ಇಳಿಯುವ ಮೊದಲೇ, ಜ್ವರದ ಮೊದಲ ದಿನವೇ, ಮನೆಯವರ ಹತ್ತಿರ ಇರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮನೆಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ. ದವಾಖಾನೆಗೆ ದಾಖಲು ಮಾಡಬೇಕೋ ಬೇಡವೋ ಎಂಬುದು ವೈದ್ಯರ ತೀರ್ಮಾನ. ಅದಕ್ಕೆ ಬೇಕಾದ ಮಾಹಿತಿಯನ್ನು ಒದಗಿಸಬೇಕಾದವರು ನೀವು.

ದಿನ ಎಣಿಸುವುದು

ಮೈ ಬಿಸಿಯಾದ, ಚಳಿ ಬಂದ ದಿನವೇ ಮೊದಲ ದಿನ. ವೈದ್ಯರ ಬಳಿ ಹೋದ ದಿನದಿಂದ ಎಣಿಸಬೇಡಿ. ‘ಸೋಮವಾರ ಸಂಜೆ ಆರು ಗಂಟೆಗೆ ಜ್ವರ ಶುರು’ ಎಂದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದರೆ ಸಾಕು. ಚಿಕ್ಕ ಕೆಲಸವೆನಿಸಬಹುದು, ಆದರೆ ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಡೆಂಗಿಯಲ್ಲಿ ಜ್ವರ 2ರಿಂದ 7 ದಿನ ಇರುತ್ತದೆ. ಜ್ವರ ಇಳಿಯುವ ಹೊತ್ತಿಗೆ, ಅಂದರೆ ಸಾಮಾನ್ಯವಾಗಿ 3ನೇ ದಿನದಿಂದ 7ನೇ ದಿನದೊಳಗೆ, ಅಪಾಯದ ಘಟ್ಟ ಶುರುವಾಗಿ 24ರಿಂದ 48 ಗಂಟೆ ನಡೆಯುತ್ತದೆ. ಆಗ ಸಣ್ಣ ರಕ್ತನಾಳಗಳ ಗೋಡೆ ಸಡಿಲಾಗಿ ರಕ್ತದೊಳಗಿನ ನೀರಿನ ಅಂಶ, ಅಂದರೆ ಪ್ಲಾಸ್ಮಾ, ಹೊಟ್ಟೆಯ ಮತ್ತು ಎದೆಯ ಪೊಳ್ಳಿಗೆ ಸೋರುತ್ತದೆ. ನಾಳದಲ್ಲಿ ಉಳಿದ ರಕ್ತ, ಒಲೆಯ ಮೇಲೆ ಬತ್ತಿದ ಬೇಳೆಯಂತೆ, ಗಟ್ಟಿಯಾಗುತ್ತದೆ. ಸೋರಿಕೆ ಜೋರಾದರೆ ಬಿಪಿ ಕುಸಿದು ಮೂತ್ರಪಿಂಡ, ಯಕೃತ್ತು, ಮೆದುಳಿಗೆ ರಕ್ತ ಸಾಲದಾಗುತ್ತದೆ. ದೊಡ್ಡವರಲ್ಲಿ ಇದರ ಜೊತೆಗೆ ರಕ್ತಸ್ರಾವ ಮತ್ತು ಯಕೃತ್ತಿನ ತೊಂದರೆಯೂ ಹೆಚ್ಚು ಕಾಣುತ್ತದೆ.

ನಮ್ಮ ಕಡೆ ಎಡವುವುದು ಇದೇ ಹೊತ್ತಿನಲ್ಲಿ. ‘ಜ್ವರ ಬಿಟ್ಟಾವು, ಈಗ ಆರಾಮ ಅದೀನಿ’ ಎಂದು ನಾಲ್ಕನೇ ದಿನ ಕಬ್ಬಿನ ಹೊಲಕ್ಕೆ, ಮಗ್ಗಕ್ಕೆ, ಅಂಗಡಿಗೆ ಹೋಗಿಬಿಡುತ್ತಾರೆ. ಜ್ವರ ಬಿಟ್ಟ ಮೇಲೆ ಹಸಿವೆ ಆಗಿ, ಮೈ ಹಗುರಾಗಿ, ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಅದು ನಿಜವಾದ ಆರಾಮ. ಜ್ವರ ಬಿಟ್ಟರೂ ಸುಸ್ತು ಹೆಚ್ಚಾಗುತ್ತಿದ್ದರೆ, ಊಟ ಸೇರದಿದ್ದರೆ, ಕೈಕಾಲು ತಣ್ಣಗಾಗುತ್ತಿದ್ದರೆ ಸೋರಿಕೆ ಶುರುವಾಗಿದೆ ಎಂದು ತಿಳಿದು ಆಗಲೇ ಹೊರಡಬೇಕು.

ಯಾರ ಮೇಲೆ ಹೆಚ್ಚು ಕಣ್ಣಿಡಬೇಕು

ಮುಂದೆ ಹೇಳುವ ಯಾವುದೇ ಒಂದು ಅಂಶ ಇದ್ದರೂ ಆ ರೋಗಿಯನ್ನು ವೈದ್ಯರಿಗೆ ತೋರಿಸದೆ ಮನೆಯಲ್ಲಿ ಇಟ್ಟುಕೊಳ್ಳಬಾರದು. ಎರಡು ಮೂರು ಒಟ್ಟಿಗೆ ಇದ್ದರೆ ಎಚ್ಚರಿಕೆಯ ಲಕ್ಷಣಕ್ಕೆ ಕಾಯದೆ ದಾಖಲು ಮಾಡುವ ಮಾತನ್ನು ನೀವೇ ವೈದ್ಯರ ಮುಂದೆ ಎತ್ತಿ.

ವಯಸ್ಸು. 60 ದಾಟಿದವರಲ್ಲಿ ಜ್ವರ ಜೋರಾಗಿ ಬಾರದೇ ಇರಬಹುದು. ಮೈ ಸ್ವಲ್ಪ ಬೆಚ್ಚಗೆ, ಊಟ ಬೇಡ, ಎದ್ದರೆ ತಲೆ ಸುತ್ತು, ಮಾತಿನಲ್ಲಿ ತೊದಲು ಅಥವಾ ಗೊಂದಲ, ಇಷ್ಟೇ ಕಾಣಬಹುದು. ‘ವಯಸ್ಸಾತಲ್ಲ’ ಎಂದು ಬಿಟ್ಟುಬಿಡುವ ಅಪಾಯ ಅಲ್ಲಿದೆ. ಅವರಿಗೆ ಬಾಯಾರಿಕೆಯ ಅರಿವೂ ಕಡಿಮೆ. ನೀರು ಕುಡಿದರೋ ಇಲ್ಲವೋ ಎಂಬುದನ್ನು ಕೇಳಿ ತಿಳಿಯುವ ಬದಲು ಲೋಟ ಎಣಿಸಿ.

ಸಕ್ಕರೆ ಕಾಯಿಲೆ. ಜ್ವರದಲ್ಲಿ ಶುಗರ್ ಏರುತ್ತದೆ. ಊಟ ಬಿಟ್ಟು ಗುಳಿಗೆ ಮಾತ್ರ ನುಂಗಿದರೆ ಕುಸಿಯುತ್ತದೆ. ಮನೆಯಲ್ಲಿ ಮಷೀನ್ ಇದ್ದರೆ ದಿನಕ್ಕೆ ನಾಲ್ಕು ಸಲ ನೋಡಿ. ಮೆಟ್‌ಫಾರ್ಮಿನ್ ನುಂಗುವವರಿಗೆ ಬಿಪಿ ಕುಸಿದು ಮೂತ್ರಪಿಂಡ ಸೋತರೆ ರಕ್ತದಲ್ಲಿ ಆಮ್ಲ ಕೂಡಿಕೊಳ್ಳುವ ಅಪಾಯವಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳು ಸಕ್ಕರೆಯ ಜೊತೆ ನೀರನ್ನೂ ಮೂತ್ರದಲ್ಲಿ ಹೊರಹಾಕುತ್ತವೆ. ಹೀಗಾಗಿ ದೇಹ ಒಣಗುತ್ತಿದ್ದರೂ ‘ಮೂತ್ರ ಚೆನ್ನಾಗಿ ಹೋಗಾಕತ್ತೇತಿ’ ಎಂದೇ ಕಾಣುತ್ತದೆ. ಶುಗರ್ ಬಹಳ ಏರಿದಾಗಲೂ ಇದೇ ಮೋಸ. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಮೂತ್ರದ ಲೆಕ್ಕ ಒಂದನ್ನೇ ನಂಬಬೇಡಿ. ಇನ್ಸುಲಿನ್ ಆಗಲಿ, ಈ ಗುಳಿಗೆಗಳಾಗಲಿ, ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಮೊದಲ ಭೇಟಿಯಲ್ಲೇ ಕೇಳಿ ಬರೆಸಿಕೊಳ್ಳಿ. ನಿಮ್ಮಷ್ಟಕ್ಕೆ ಬಿಡುವುದೂ ತಪ್ಪು, ಕೇಳದೆ ಮುಂದುವರಿಸುವುದೂ ತಪ್ಪು.

ಬಿಪಿ ಮತ್ತು ಹೃದಯದ ಕಾಯಿಲೆ. ದಿನಾ 150/90 ಇರುವ ಮನುಷ್ಯನಿಗೆ ಡೆಂಗಿಯ ಐದನೇ ದಿನ 110/70 ಬಂದರೆ ಮನೆಯವರು ‘ನಾರ್ಮಲ್ ಆತು’ ಎಂದು ಖುಷಿಪಡುತ್ತಾರೆ. ಮೇಲಿನ ಅಂಕಿ ಅವರ ಎಂದಿನ ಮಟ್ಟಕ್ಕಿಂತ 40 ಇಳಿದಿದೆ. ಅವರ ಮಟ್ಟಿಗೆ ಅದು ಬಿಪಿ ಕುಸಿತ. ಹಳೆಯ ಚೀಟಿಗಳಲ್ಲಿ ಬರೆದ ಬಿಪಿ ಅಂಕಿ ಇಂಥ ಹೊತ್ತಿನಲ್ಲಿ ಬಹಳ ಬೆಲೆಬಾಳುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರಲ್ಲಿ ಇನ್ನೊಂದು ತೊಡಕಿದೆ. ರಕ್ತ ಸಾಲದಾದಾಗ ನಾಡಿ ಓಡಬೇಕು, ಈ ಗುಳಿಗೆಗಳು ಅದನ್ನು ತಡೆಯುತ್ತವೆ. ನಾಡಿ 80 ಇದೆ ಎಂದು ಸಮಾಧಾನ ಪಡುವಂತಿಲ್ಲ. ಮೂತ್ರ ಹೆಚ್ಚಿಸುವ ಗುಳಿಗೆ ಸೇರಿದ ಬಿಪಿ ಔಷಧವಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ. ಹೃದಯ ದುರ್ಬಲವಾಗಿದ್ದವರಿಗೆ ಸಲೈನ್ ಸ್ವಲ್ಪ ಹೆಚ್ಚಾದರೂ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ, ಕಡಿಮೆಯಾದರೆ ಬಿಪಿ ನಿಲ್ಲುವುದಿಲ್ಲ. ಎರಡರ ನಡುವಿನ ದಾರಿ ಕಿರಿದು. ಇಂಥವರಿಗೆ ಮನೆಯಲ್ಲಿ, ಸಣ್ಣ ದವಾಖಾನೆಯಲ್ಲಿ ಸಲೈನ್ ಹಚ್ಚುವುದು ಬೇಡ.

ಮೂತ್ರಪಿಂಡದ ಕಾಯಿಲೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ) ಏರಿದವರಿಗೆ ‘ಹೆಚ್ಚು ನೀರು ಕುಡಿಯಿರಿ’ ಎಂಬ ಸಾಮಾನ್ಯ ಸಲಹೆ ಹೊಂದುವುದಿಲ್ಲ. ಜ್ವರದ ಮೊದಲ ದಿನವೇ ತಮ್ಮ ಮೂತ್ರಪಿಂಡ ತಜ್ಞರಿಗೆ ಫೋನ್ ಮಾಡಬೇಕು.

ಗರ್ಭಿಣಿಯರು. ಬಸುರಿನಲ್ಲಿ ರಕ್ತ ಸಹಜವಾಗಿಯೇ ತೆಳುವಾಗಿರುತ್ತದೆ, ನಾಡಿ ಸ್ವಲ್ಪ ಜೋರು, ಬಿಪಿ ಸ್ವಲ್ಪ ಕಡಿಮೆ ಇರುತ್ತದೆ. ಸೋರಿಕೆ ಶುರುವಾದರೂ ವರದಿಯಲ್ಲಿ ಅದು ಮುಚ್ಚಿಹೋಗುತ್ತದೆ. ವಾಂತಿಯಾದರೆ ‘ಬಸುರಿನ ವಾಂತಿ’ ಎಂದೂ, ಹೊಟ್ಟೆ ನೋವಾದರೆ ‘ದಿನ ತುಂಬಿದಾವು’ ಎಂದೂ ತಿಳಿಯುತ್ತಾರೆ. ಹೆರಿಗೆ ಹತ್ತಿರವಿದ್ದಾಗ ಡೆಂಗಿ ಬಂದರೆ ಹೆರಿಗೆಯ ಸಮಯ ರಕ್ತಸ್ರಾವದ ಭಯ ಹೆಚ್ಚು, ಕೂಸಿಗೂ ಸೋಂಕು ತಗಲಬಹುದು. ಆಗ ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಇರಬೇಕು, ಹುಟ್ಟಿದ ಕೂಸಿನ ಮೇಲೂ ನಿಗಾ ಇಡಬೇಕು. ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ, ಅದರಲ್ಲಿ ಹಳೆಯ ಹಿಮೋಗ್ಲೋಬಿನ್, ಬಿಪಿ, ತೂಕ ಎಲ್ಲ ಇರುತ್ತದೆ. ಕಬ್ಬಿಣಾಂಶದ ಗುಳಿಗೆ ನುಂಗುವವರ ಮಲ ಹೇಗಿದ್ದರೂ ಕಪ್ಪಗಿರುತ್ತದೆ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಅದು ರಕ್ತ.

ರಕ್ತಹೀನತೆ ಮತ್ತು ಮುಟ್ಟು. ಡೆಂಗಿಯ ದಿನಗಳಲ್ಲಿ ಮುಟ್ಟು ಬಂದರೆ ಸ್ರಾವ ಮಿತಿ ಮೀರಬಹುದು. ಎಷ್ಟು ಪ್ಯಾಡ್ ತುಂಬಿದವು ಎಂದು ಎಣಿಸಿ, ಎಂದಿಗಿಂತ ಹೆಚ್ಚೆನಿಸಿದರೆ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಅತ್ತೆ, ಗಂಡನ ಎದುರು ಹೇಳಲು ಆಗದಿದ್ದರೆ ನರ್ಸ್ ಅಥವಾ ಆಶಾ ಕಾರ್ಯಕರ್ತೆಯ ಕಿವಿಗೆ ಹಾಕಿ. ಮೊದಲೇ ರಕ್ತ ಕಡಿಮೆ ಇದ್ದವರಲ್ಲಿ ವರದಿ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಮುಂದೆ ಹೇಳಿದ್ದೇವೆ. ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇರುವವರೂ ಈ ಸಾಲಿಗೇ ಸೇರುತ್ತಾರೆ.

ದಪ್ಪ ಮೈ. ಬೊಜ್ಜು ಇರುವವರಲ್ಲಿ ಡೆಂಗಿ ತೀವ್ರವಾಗುವ ಸಂಭವ ಹೆಚ್ಚು. ತೋಳು ದಪ್ಪವಿದ್ದು ಬಿಪಿ ಪಟ್ಟಿ ಚಿಕ್ಕದಾದರೆ ಅಂಕಿ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಕುಸಿತ ಗೊತ್ತೇ ಆಗುವುದಿಲ್ಲ. ದೊಡ್ಡ ಪಟ್ಟಿ ಕೇಳಿ.

ರಕ್ತ ತೆಳು ಮಾಡುವ ಗುಳಿಗೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಕವಾಟ ಬದಲಿಸಿದವರ ವಾರ್ಫರಿನ್, ಅಸೆನೊಕೌಮರಾಲ್ ಇವೆಲ್ಲ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. ಹಾಗಂತ ಹೇಳದೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು. ಜ್ವರ ಬಂದ ದಿನವೇ ಹೃದ್ರೋಗ ತಜ್ಞರನ್ನು ಕೇಳಿ.

ಹೊಟ್ಟೆಹುಣ್ಣು, ಯಕೃತ್ತಿನ ಕಾಯಿಲೆ, ದಿನನಿತ್ಯದ ಸರಾಯಿ. ಹುಣ್ಣು ಇದ್ದಲ್ಲಿಂದ ರಕ್ತ ಒಳಗೇ ಸೋರುತ್ತದೆ, ಹೊರಗೆ ಕಾಣುವುದಿಲ್ಲ. ಕುಡಿಯುವ ಅಭ್ಯಾಸವನ್ನು ವೈದ್ಯರಿಂದ ಮುಚ್ಚಿಡಬೇಡಿ. ಪ್ಯಾರಾಸಿಟಮಾಲ್ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕಾಗುತ್ತದೆ. ಅಸ್ತಮಾ ಇದ್ದರೆ ಅದನ್ನೂ ಹೇಳಿ.

ಹಿಂದೆ ಡೆಂಗಿ ಬಂದಿತ್ತೇ? ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಆ ಬಗೆ ಮತ್ತೆ ಬರುವುದಿಲ್ಲ. ಆದರೆ ಎರಡನೇ ಸಲ ಬೇರೆ ಬಗೆ ಬಂದಾಗ, ಹಳೆಯ ಪ್ರತಿಕಾಯಗಳು ಅದನ್ನು ಕೊಲ್ಲಲಾಗದೆ, ಜೀವಕೋಶದ ಒಳಗೆ ಹೋಗಲು ಅದಕ್ಕೇ ನೆರವಾಗುತ್ತವೆ. ಎರಡನೇ ಡೆಂಗಿ ತೀವ್ರವಾಗುವ ಸಂಭವ ಹೆಚ್ಚಿರುವುದು ಇದರಿಂದ. ‘ಒಮ್ಮೆ ಬಂದು ಹೋಗೇತಿ, ಇನ್ನ ಅಂಜಿಕಿ ಇಲ್ಲ’ ಎಂಬ ಮಾತು ಪೂರಾ ತಪ್ಪು. ಮೊದಲ ಸಲದ್ದು ಲಕ್ಷಣವೇ ಇಲ್ಲದೆ ಹೋಗಿರಲೂಬಹುದು. ಜ್ವರದ ಮೊದಲ ನಾಲ್ಕೈದು ದಿನದಲ್ಲೇ ಐಜಿಜಿ (ಪ್ರತಿಕಾಯ ಹುಡುಕುವ ಒಂದು ರಕ್ತಪರೀಕ್ಷೆ) ಪಾಸಿಟಿವ್ ಬಂದರೆ ಇದು ಎರಡನೆಯದ್ದಿರಬಹುದು ಎಂಬ ಸೂಚನೆ, ವೈದ್ಯರಿಗೆ ತೋರಿಸಿ.

ಇನ್ನೊಂದು ಅಂಶ ದೇಹಕ್ಕೆ ಸಂಬಂಧಿಸಿದ್ದಲ್ಲ, ಆದರೆ ಅಷ್ಟೇ ಮುಖ್ಯ: ಒಬ್ಬರೇ ಇರುವವರು, ದವಾಖಾನೆಯಿಂದ ದೂರ ಇರುವವರು. ಅಥಣಿ, ಚಿಕ್ಕೋಡಿ, ಜಮಖಂಡಿ ಭಾಗದ ತೋಟದ ಮನೆಗಳು, ಖಾನಾಪುರದ ಕಾಡಂಚಿನ ಊರುಗಳು, ಇಂಡಿ, ಸಿಂದಗಿ ಕಡೆಯ ದೂರದ ಹಳ್ಳಿಗಳಲ್ಲಿ ಮಳೆಗಾಲದ ರಾತ್ರಿ ಗಾಡಿ ಸಿಗುವುದು ಕಷ್ಟ, ಎರೆ ಮಣ್ಣಿನ ದಾರಿಯಲ್ಲಿ ಗಾಲಿ ಹೂಳುತ್ತದೆ. ಮೂರನೇ ದಿನದ ಹೊತ್ತಿಗೆ ರೋಗಿಯನ್ನು ತಾಲ್ಲೂಕು ಊರಿನ ನೆಂಟರ ಮನೆಗೆ ತಂದಿಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಅಥಣಿಯವರು ಮೀರಜಿಗೆ, ಇಂಡಿಯವರು ಸೊಲ್ಲಾಪುರಕ್ಕೆ ಹೋಗುವುದು ರೂಢಿ. ಎಲ್ಲಿಗೆ ಹೋದರೂ ಸರಿ, ಯಾವ ಆಸ್ಪತ್ರೆ, ಯಾರ ಗಾಡಿ, ಯಾರು ಜೊತೆಗೆ ಎಂಬುದನ್ನು ಹಗಲು ಹೊತ್ತಿನಲ್ಲೇ ಗೊತ್ತುಮಾಡಿಡಿ.

ಮೆಡಿಕಲ್‌ನಿಂದ ತರುವ ಗುಳಿಗೆ

ಆರೋಗ್ಯವಂತನನ್ನೂ ಅಪಾಯಕ್ಕೆ ತಳ್ಳುವ ಅಂಶ ಇದು, ಪೂರ್ತಿ ನಮ್ಮ ಕೈಯಲ್ಲೇ ಇರುವಂಥದ್ದೂ ಹೌದು. ಡೆಂಗಿಯಲ್ಲಿ ಮೈಕೈ ನೋವು, ಕಣ್ಣಿನ ಹಿಂದೆ ನೋವು ವಿಪರೀತ. ಮೆಡಿಕಲ್‌ಗೆ ಹೋಗಿ ‘ನೋವಿನ ಗುಳಿಗೆ ಕೊಡ್ರಿ’ ಎಂದರೆ ಸಿಗುವುದು ಹೆಚ್ಚಾಗಿ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಅಥವಾ ನಿಮೆಸುಲೈಡ್. ಮುಟ್ಟಿನ ನೋವಿಗೆಂದು ಮನೆಯಲ್ಲಿಟ್ಟ ಮೆಫೆನಾಮಿಕ್ ಆಸಿಡ್ ಕೂಡ ಇದೇ ಜಾತಿಯದು. ಇವು ಜಠರದ ಒಳಪದರವನ್ನು ಕೆರೆದು, ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕುಂದಿಸಿ, ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಮೂತ್ರಪಿಂಡಕ್ಕೂ ಹೊರೆ. ಹಲವು ನೋವಿನ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇವೇ ಸೇರಿರುತ್ತವೆ. ಗುಳಿಗೆಯ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಬರೆದಿದೆ ಎಂದು ಓದಿ, ಓದಲಾಗದಿದ್ದರೆ ಅಂಗಡಿಯವರನ್ನೇ ಕೇಳಿ.

ಚಿಕೂನ್‌ಗುನ್ಯಾ ಹರಡುವುದೂ ಅದೇ ಸೊಳ್ಳೆಯಿಂದ, ಅದೇ ಕಾಲದಲ್ಲಿ. ಕೀಲು ಹಿಡಿದಿವೆ ಎಂದು ನೋವಿನ ಸೂಜಿ ಮಾಡಿಸಿಕೊಂಡವರಿಗೆ ಇದ್ದದ್ದು ಡೆಂಗಿ ಆದರೆ? ಡೆಂಗಿ ಅಲ್ಲವೆಂದು ವೈದ್ಯರು ಹೇಳುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. 500 ಅಥವಾ 650 ಮಿಲಿಗ್ರಾಂನ ಒಂದು ಗುಳಿಗೆ, ಎರಡು ಗುಳಿಗೆಗಳ ನಡುವೆ ಕನಿಷ್ಠ 6 ಗಂಟೆ, ದಿನಕ್ಕೆ ನಾಲ್ಕರ ಮೇಲೆ ಬೇಡ. ನೆಗಡಿ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಯಕೃತ್ತಿನ ತೊಂದರೆ ಇದ್ದವರು, ದಿನಾ ಕುಡಿಯುವವರು ವೈದ್ಯರು ಹೇಳಿದಷ್ಟೇ ನುಂಗಬೇಕು. ಗುಳಿಗೆ ನುಂಗಿದರೂ ಜ್ವರ ಪೂರ್ತಿ ಇಳಿಯದಿದ್ದರೆ ಗಾಬರಿ ಬೇಡ, ಹಣೆ, ಕುತ್ತಿಗೆ, ಕಂಕುಳನ್ನು ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ.

ಸೊಂಟದ ಸೂಜಿ ಬೇಡ. ಪ್ಲೇಟ್‌ಲೆಟ್ ಇಳಿದಾಗ ಚುಚ್ಚಿದ ಜಾಗದಲ್ಲಿ ಸ್ನಾಯುವಿನೊಳಗೆ ರಕ್ತ ಕಟ್ಟುತ್ತದೆ. ಜ್ವರ ಬೇಗ ಇಳಿಯಲೆಂದು ಸ್ಟಿರಾಯ್ಡ್ ಕೊಡಿಸುವುದರಿಂದಲೂ ಲಾಭವಿಲ್ಲ. ಶುಗರ್ ಏರುತ್ತದೆ, ಜಠರದಲ್ಲಿ ರಕ್ತ ಒಸರಬಹುದು.

ವರದಿ ಓದುವುದು

ಮೊದಲ 5 ದಿನ ವೈರಸ್‌ನ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ, ಆಮೇಲೆ ದೇಹದ ಪ್ರತಿಕಾಯ ಹುಡುಕುವ ಐಜಿಎಂ. ಎನ್‌ಎಸ್1 ನೆಗೆಟಿವ್ ಬಂದರೆ ಡೆಂಗಿ ಇಲ್ಲವೆಂದಲ್ಲ, ಅದರಲ್ಲೂ ಎರಡನೇ ಸೋಂಕಿನಲ್ಲಿ ಅದು ಬೇಗ ಮಾಯವಾಗುತ್ತದೆ. ಹತ್ತು ನಿಮಿಷದಲ್ಲಿ ಬರುವ ಕಾರ್ಡ್ ಪರೀಕ್ಷೆಗಿಂತ ಲ್ಯಾಬಿನ ಯಂತ್ರದಲ್ಲಿ ಮಾಡುವ ಎಲೈಸಾ ಪರೀಕ್ಷೆ ನಂಬಲರ್ಹ, ಸರ್ಕಾರದ ಲೆಕ್ಕದಲ್ಲಿ ಖಚಿತ ಎನಿಸಿಕೊಳ್ಳುವುದೂ ಅದೇ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಎನ್‌ಎಸ್1 ಎಲೈಸಾಕ್ಕೆ 300 ರೂಪಾಯಿ, ಐಜಿಎಂ ಎಲೈಸಾಕ್ಕೆ 300 ರೂಪಾಯಿ, ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಮಿತಿ ಹಾಕಿತು. ಡೆಂಗಿ ಇದೆಯೋ ಇಲ್ಲವೋ ಎಂದು ತಿಳಿಸುವುದಷ್ಟೇ ಈ ಪರೀಕ್ಷೆಗಳ ಕೆಲಸ. ತೀವ್ರವಾಗುತ್ತದೋ ಎಂಬ ಸುಳಿವು ಇರುವುದು ದಿನದಿನದ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ, ವರದಿಯಲ್ಲಿ.

ಸಿಬಿಸಿಯಲ್ಲಿ ಮೊದಲು ನೋಡಬೇಕಾದ ಸಾಲು ಪಿಸಿವಿ, ಕೆಲವು ಲ್ಯಾಬ್‌ಗಳು ಅದನ್ನು ಹಿಮಾಟೋಕ್ರಿಟ್ ಎಂದು ಬರೆಯುತ್ತವೆ. ರಕ್ತದಲ್ಲಿ ಕೆಂಪುಕಣಗಳ ಪಾಲು ನೂರಕ್ಕೆ ಎಷ್ಟು ಎಂಬುದು ಅದು. ಪ್ಲಾಸ್ಮಾ ಸೋರಿದಂತೆ ಅದು ಏರುತ್ತದೆ. ಆ ಮನುಷ್ಯನ ಮೊದಲಿನ ಮಟ್ಟಕ್ಕಿಂತ ನೂರಕ್ಕೆ 20ರಷ್ಟು ಏರಿದರೆ ಸೋರಿಕೆ ಗಣನೀಯವಾಗಿದೆ ಎಂದರ್ಥ. 40 ಇದ್ದದ್ದು 48 ಆದರೆ ಯಾರಾದರೂ ಗಮನಿಸುತ್ತಾರೆ. ರಕ್ತಹೀನತೆ ಇರುವ ಹೆಣ್ಣುಮಗಳ ಪಿಸಿವಿ 30 ಇದ್ದದ್ದು 36 ಆದರೆ? ಅದೂ ಅಷ್ಟೇ 20ರ ಏರಿಕೆ, ಆದರೆ ವರದಿಯಲ್ಲಿ 36 ಎಂಬುದು ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ, ಕೆಂಪು ಗುರುತು ಬೀಳುವುದಿಲ್ಲ. ಅದಕ್ಕೇ ಜ್ವರದ ಮೊದಲ ಎರಡು ಮೂರು ದಿನದೊಳಗೆ ಒಂದು ಸಿಬಿಸಿ ಮಾಡಿಸಿಟ್ಟುಕೊಳ್ಳಬೇಕು. ಅದೂ ಇಲ್ಲದಿದ್ದರೆ ಹಳೆಯ ಹಿಮೋಗ್ಲೋಬಿನ್ ಅಂಕಿಯನ್ನು ಮೂರರಿಂದ ಗುಣಿಸಿ. ಹಿಮೋಗ್ಲೋಬಿನ್ 10 ಇದ್ದವರ ಪಿಸಿವಿ ಸುಮಾರು 30 ಇದ್ದಿರುತ್ತದೆ. ಇದು ಅಂದಾಜು, ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಮಾತು: ಪಿಸಿವಿ ದಿಢೀರನೆ ಇಳಿದು, ರೋಗಿಯ ಸ್ಥಿತಿಯೂ ಕೆಡುತ್ತಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ ಎಂದು ಅನುಮಾನಿಸಬೇಕು. ಇಳಿದದ್ದೆಲ್ಲ ಒಳ್ಳೆಯದಲ್ಲ.

ಪ್ಲೇಟ್‌ಲೆಟ್ 1 ಲಕ್ಷದ ಕೆಳಗೆ ವೇಗವಾಗಿ ಜಾರುತ್ತಾ, ಪಿಸಿವಿ ಏರುತ್ತಾ ಹೋದರೆ ಎರಡೂ ಸೇರಿ ಎಚ್ಚರಿಕೆಯ ಗಂಟೆ. ಪ್ಲೇಟ್‌ಲೆಟ್ ಒಂದೇ ಇಳಿದು ಪಿಸಿವಿ ಸ್ಥಿರವಾಗಿದ್ದು, ರಕ್ತಸ್ರಾವವಿಲ್ಲದೆ, ರೋಗಿ ಊಟ ಮಾಡಿಕೊಂಡು ಓಡಾಡುತ್ತಿದ್ದರೆ ಗಾಬರಿ ಕಡಿಮೆ ಮಾಡಿಕೊಳ್ಳಬಹುದು. ಬಿಳಿ ರಕ್ತಕಣದ ಸಾಲು ಬೇರೆ, ಪ್ಲೇಟ್‌ಲೆಟ್ ಸಾಲು ಬೇರೆ. ಫೋನಿನಲ್ಲಿ ಓದಿ ಹೇಳುವಾಗ ಅದಲು ಬದಲಾಗದಿರಲಿ, ವರದಿಯ ಫೋಟೋ ಕಳಿಸುವುದೇ ಒಳ್ಳೆಯದು. ಅಪಾಯದ ಅಂಶ ಇರುವವರಿಗೆ 3ನೇ ದಿನದಿಂದ ಜ್ವರ ಬಿಟ್ಟ 48 ಗಂಟೆಯವರೆಗೆ ದಿನಾ ಸಿಬಿಸಿ ಬೇಕಾಗಬಹುದು, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ.

ಮನೆಯ ನೋಟ್‌ಬುಕ್

ಒಂದು ಹಳೆಯ ನೋಟ್‌ಬುಕ್ ಸಾಕು. ಜ್ವರ, ನಾಡಿ, ಬಿಪಿ, ಕುಡಿದದ್ದು, ಮೂತ್ರ, ವಾಂತಿ ಇವನ್ನು ನಾಲ್ಕು ಗಂಟೆಗೊಮ್ಮೆ ಬರೆಯಿರಿ, ರಾತ್ರಿಯೂ.

ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದ ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್, ಅಂದರೆ 200 ಮಿಲಿ ಲೋಟದಲ್ಲಿ 12 ಲೋಟ. ಬರೀ ನೀರನ್ನೇ ಕುಡಿದರೆ ರಕ್ತದ ಉಪ್ಪಿನಂಶ ಇಳಿಯುತ್ತದೆ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿದ ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಗಂಜಿ, ಎಳನೀರು ಒಳ್ಳೆಯವು. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರ್‌ಗೆ, ಅರ್ಧ ಪುಡಿ ಹಾಕಿ ಅಂದಾಜಿನಲ್ಲಿ ಕಲಸಬೇಡಿ. ವಾಂತಿ ಬರುವಂತಿದ್ದರೆ ಲೋಟ ಎತ್ತಿ ಕುಡಿಸದೆ ಚಮಚದಿಂದ ಗುಟುಕು ಗುಟುಕಾಗಿ ಕೊಡಿ. ದಾಳಿಂಬೆ, ಬೀಟ್‌ರೂಟ್ ರಸ ಈ ವಾರ ಬೇಡ. ನಮ್ಮ ಕಡೆ ದಾಳಿಂಬೆ ಹೇರಳ, ರೋಗಿಗೆ ಕೊಡುವುದು ವಾಡಿಕೆ. ಆದರೆ ವಾಂತಿಯಾದಾಗ ಬಿದ್ದದ್ದು ರಸವೋ ರಕ್ತವೋ ಎಂದು ತಿಳಿಯದೆ ಹೋಗುತ್ತದೆ.

ಮೂತ್ರ ನಾಲ್ಕರಿಂದ ಆರು ಗಂಟೆಗೊಮ್ಮೆಯಾದರೂ ಆಗಬೇಕು. ಆರು ಗಂಟೆ ದಾಟಿದರೆ ಕಾಯಬೇಡಿ.

ಬಿಪಿಯಲ್ಲಿ ಮೇಲಿನ ಅಂಕಿಯನ್ನಷ್ಟೇ ನೋಡುವುದು ರೂಢಿ. ಡೆಂಗಿಯಲ್ಲಿ ಎರಡು ಅಂಕಿಗಳ ನಡುವಿನ ಅಂತರ ಮುಖ್ಯ. 120/80ರಲ್ಲಿ ಅಂತರ 40. ಸೋರಿಕೆಯಾಗುವಾಗ ದೇಹ ರಕ್ತನಾಳಗಳನ್ನು ಬಿಗಿದು ಕೆಳಗಿನ ಅಂಕಿಯನ್ನು ಎತ್ತಿ ಹಿಡಿಯುತ್ತದೆ. 110/90 ಬಂದರೆ ನೋಡಲು ಚೆನ್ನಾಗಿದೆ, ಅಂತರ 20 ಮಾತ್ರ. ಅಂತರ 20 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಶಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ, ತುರ್ತಾಗಿ ಹೊರಡಬೇಕು. ಮಷೀನ್ ಮತ್ತೆ ಮತ್ತೆ ‘ಎರರ್’ ತೋರಿಸಿದರೆ ಸೆಲ್ ಬದಲಿಸುತ್ತ ಕೂರಬೇಡಿ, ನಾಡಿ ತೀರ ಕ್ಷೀಣವಾದಾಗಲೂ ಹಾಗಾಗುತ್ತದೆ. ಮಷೀನ್ ಇಲ್ಲದವರು ಹೀಗೆ ನೋಡಿ: ರೋಗಿಯ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಉಗುರನ್ನು 5 ಸೆಕೆಂಡ್ ಒತ್ತಿ ಬಿಡಿ. ಬಿಳಚಿದ ಉಗುರು 2 ಸೆಕೆಂಡ್‌ನೊಳಗೆ ಮತ್ತೆ ಕೆಂಪಾಗಬೇಕು. ಅದಕ್ಕಿಂತ ತಡವಾದರೆ, ಅಂಗೈ ಅಂಗಾಲು ತಣ್ಣಗೆ ಬೆವೆತಿದ್ದರೆ ರಕ್ತ ಸಾಲುತ್ತಿಲ್ಲ.

ಕಂಡ ಕೂಡಲೇ ಹೊರಡಬೇಕಾದ ಲಕ್ಷಣಗಳು

- ಬಿಡದ ಹೊಟ್ಟೆನೋವು, ಹೊಟ್ಟೆ ಮುಟ್ಟಿದರೂ ನೋವು
- 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ವಾಂತಿ
- ಮೂಗು, ಒಸಡಿನಿಂದ ರಕ್ತ, ವಾಂತಿ ಅಥವಾ ಮಲದಲ್ಲಿ ರಕ್ತ, ಅತಿಯಾದ ಮುಟ್ಟು
- ಹೊಟ್ಟೆ ಉಬ್ಬರ, ಮಲಗಿದರೆ ಏದುಸಿರು
- ವಿಪರೀತ ಮಂಪರು, ಚಡಪಡಿಕೆ, ಗೊಂದಲದ ಮಾತು
- ಎದ್ದು ನಿಂತರೆ ತಲೆ ಸುತ್ತಿ ಬೀಳುವುದು, ಕೈಕಾಲು ತಣ್ಣಗಾಗುವುದು, ಮೂತ್ರ ನಿಲ್ಲುವುದು

ದೊಡ್ಡವರಲ್ಲಿ ಹೆಚ್ಚು ತಪ್ಪಿಹೋಗುವುದು ಹೊಟ್ಟೆನೋವು. ‘ಖಾರ ತಿಂದಿದ್ದೆ, ಗ್ಯಾಸ್ ಆಗೇತಿ’ ಎಂದು ಆಸಿಡಿಟಿ ಗುಳಿಗೆ ನುಂಗಿ ಮಲಗುತ್ತಾರೆ. ಜ್ವರದ 3ನೇ ದಿನದ ನಂತರದ ಹೊಟ್ಟೆನೋವನ್ನು ಗ್ಯಾಸ್ ಎಂದು ಎಣಿಸಲೇಬೇಡಿ.

108ಕ್ಕೆ ಫೋನ್ ಮಾಡಿ, ಅಂಬ್ಯುಲೆನ್ಸ್ ತಡವಾಗುವಂತಿದ್ದರೆ ಗೊತ್ತುಮಾಡಿಟ್ಟ ಗಾಡಿಯಲ್ಲೇ ಹೊರಡಿ. ರೋಗಿಯನ್ನು ಬೈಕಿನ ಮೇಲೆ ನಡುವೆ ಕೂರಿಸಿ ಒಯ್ಯುವುದು ಬೇಡ, ಕುಸಿದು ಬೀಳುತ್ತಾರೆ. ನೋಟ್‌ಬುಕ್, ಎಲ್ಲ ವರದಿ, ದಿನಾ ನುಂಗುವ ಗುಳಿಗೆಗಳ ಪಟ್ಟಿ, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ. ದವಾಖಾನೆಯ ಬಾಗಿಲಲ್ಲಿ ಹೇಳಬೇಕಾದ್ದು ನಾಲ್ಕೇ ಮಾತು: ಇಂದಿಗೆ ಜ್ವರದ ಇಷ್ಟನೇ ದಿನ, ಜ್ವರ ಬಿಟ್ಟು ಇಷ್ಟು ಗಂಟೆ ಆಯಿತು, ಮೊದಲಿಂದ ಈ ಕಾಯಿಲೆ ಇದೆ, ಕೊನೆಯ ಸಲ ಮೂತ್ರ ಹೋದದ್ದು ಇಷ್ಟು ಗಂಟೆಗೆ.

ಪ್ಲೇಟ್‌ಲೆಟ್ ಏರಿಸುವ ಹಟ

ರಕ್ತಸ್ರಾವವಿಲ್ಲದ ರೋಗಿಗೆ ಅಂಕಿ ನೋಡಿ ಪ್ಲೇಟ್‌ಲೆಟ್ ಹಚ್ಚುವುದರಿಂದ ಲಾಭವಿಲ್ಲ. ಪ್ಲೇಟ್‌ಲೆಟ್ 20 ಸಾವಿರ ಮತ್ತು ಅದಕ್ಕಿಂತ ಕಡಿಮೆ ಇದ್ದ ವಯಸ್ಕರ ಮೇಲೆ ಸಿಂಗಪುರ, ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು: ಮುಂಜಾಗ್ರತೆಗೆಂದು ಕೊಟ್ಟ ಪ್ಲೇಟ್‌ಲೆಟ್ ರಕ್ತಸ್ರಾವವನ್ನು ತಡೆಯಲಿಲ್ಲ, ಕೊಟ್ಟವರಲ್ಲಿ ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು. ರಕ್ತ ಹೋಗುತ್ತಿದ್ದರೆ, ಅಂಕಿ 10 ಸಾವಿರದ ಕೆಳಗೆ ಇಳಿದರೆ ವೈದ್ಯರ ಲೆಕ್ಕ ಬೇರೆ. ‘ಯಾಕ್ರೀ ಇನ್ನೂ ಪ್ಲೇಟ್‌ಲೆಟ್ ಹಚ್ಚಿಲ್ಲ’ ಎಂದು ಜಗಳಕ್ಕೆ ನಿಲ್ಲುವ ಬದಲು ‘ಪಿಸಿವಿ ಎಷ್ಟಾತು, ಬಿಪಿ ಅಂತರ ಎಷ್ಟದ’ ಎಂದು ಕೇಳಿ. ಪಪ್ಪಾಯಿ ಎಲೆಯ ರಸ ಪ್ಲಾಸ್ಮಾ ಸೋರಿಕೆಯನ್ನು ನಿಲ್ಲಿಸುವುದಿಲ್ಲ. ಕಹಿಗೆ ವಾಂತಿಯಾಗಿ ಇದ್ದ ನೀರೂ ಹೋಗುತ್ತದೆ, ಅದನ್ನು ನಂಬಿ ದವಾಖಾನೆಗೆ ತಡವಾಗಿ ಬರುವುದು ಇನ್ನೂ ದೊಡ್ಡ ನಷ್ಟ. ಅಪಾಯದ ಘಟ್ಟ ದಾಟಿದ ಎರಡು ಮೂರು ದಿನದಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ.

ಮನೆಗೆ ಬಂದ ಮೇಲೆ

ಸೋರಿದ ನೀರು ರಕ್ತನಾಳಕ್ಕೆ ಮರಳುವಾಗ, ಸಲೈನ್ ಇನ್ನೂ ನಡೆದಿದ್ದರೆ ಹೃದ್ರೋಗಿಗಳಿಗೆ, ವಯಸ್ಸಾದವರಿಗೆ ಉಸಿರಾಟದ ತೊಂದರೆಯಾಗುತ್ತದೆ. ‘ಶಕ್ತಿ ಬರಲಿ, ಇನ್ನೊಂದು ಬಾಟಲ್ ಹಚ್ಚ್ರಿ’ ಎಂದು ಒತ್ತಾಯಿಸಬೇಡಿ. ಮೈ ತುಂಬ ಕೆಂಪು ದದ್ದು, ಅದರ ನಡುವೆ ಬಿಳಿ ಮಚ್ಚೆ, ತುರಿಕೆ ಬಂದರೆ ಅದು ಚೇತರಿಕೆಯ ಗುರುತು. ನಿಲ್ಲಿಸಿದ್ದ ಆಸ್ಪಿರಿನ್, ಶುಗರ್, ಬಿಪಿ ಗುಳಿಗೆಗಳನ್ನು ಯಾವ ದಿನದಿಂದ ಮತ್ತೆ ಶುರು ಮಾಡಬೇಕೆಂದು ಬಿಡುಗಡೆ ಚೀಟಿಯ ಮೇಲೆ ಬರೆಸಿಕೊಳ್ಳಿ, ಬಾಯಿಮಾತು ಮರೆತುಹೋಗುತ್ತದೆ.

ಜ್ವರವಿರುವ ದಿನಗಳಲ್ಲಿ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ, ಕಚ್ಚಿದ ಸೊಳ್ಳೆ ಮನೆಯ ಉಳಿದವರಿಗೂ ಹರಡುತ್ತದೆ. ಆ ಸೊಳ್ಳೆ ಹಗಲು ಕಚ್ಚುವಂಥದ್ದು. ಹಗಲು ಮಲಗಿದಾಗಲೂ ಸೊಳ್ಳೆಪರದೆ ಕಟ್ಟಿ. ನಳ ಬರುವುದು ವಾರಕ್ಕೊಮ್ಮೆ ಎಂದು ನೀರು ತುಂಬಿಡುವ ಮನೆಗಳಲ್ಲಿ ಬ್ಯಾರಲ್, ತೊಟ್ಟಿಗಳನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಮೊಟ್ಟೆ ಅಂಟಿರುವುದು ಗೋಡೆಗೆ, ನೀರು ಚೆಲ್ಲಿದರೆ ಸಾಲದು.

ಡೆಂಗಿ ವರದಿ, ಆಗ ಬಂದ ಪಿಸಿವಿ, ಚೇತರಿಸಿಕೊಂಡ ಮೇಲಿನ ಹಿಮೋಗ್ಲೋಬಿನ್ ಮತ್ತು ಬಿಪಿ ಇಷ್ಟನ್ನೂ ಒಂದು ಫೈಲಿನಲ್ಲಿಡಿ, ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲ್‌ನಲ್ಲಿ ಉಳಿಸಿ. ಮುಂದೆ ಎಂದಾದರೂ ಇದೇ ಮನುಷ್ಯನಿಗೆ ಜ್ವರ ಬಂದರೆ ವೈದ್ಯರು ಮೊದಲು ಕೇಳುವ ಅಂಕಿಗಳು ಇವೇ.